ನಾರ್ಮಲ್ ರಿಪೋರ್ಟು ಮತ್ತು ಉರಿಯುವ ಪಾದ

ಮೊದಮೊದಲು ರಾತ್ರಿ ಮಲಗಿದ ಮೇಲೆ ಕಾಲ್ಬೆರಳುಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಉರಿ ಈಗ ಮೀನಖಂಡದವರೆಗೆ ಏರಿದ್ದು, ಹಗಲಿನಲ್ಲೂ ಬಿಡುವು ಕೊಡುವುದಿಲ್ಲ. ಹೊದಿಕೆಯ ಅಂಚು ಸೋಕಿದರೂ ಪಾದ ಚುರುಗುಟ್ಟುತ್ತದೆ. ಜಯನಗರದ ನಮ್ಮ ಹಳೆಯ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಿನಲ್ಲಿ ನಿಂತರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಅಷ್ಟೆ.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿ, ಎಲ್ಲವೂ ನಾರ್ಮಲ್ ಇದೆ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದು ಕಳುಹಿಸಿದರು. ಮನೆಯವರು ನಿಟ್ಟುಸಿರು ಬಿಟ್ಟರು; ನನಗೆ ಮಾತ್ರ ಆ ಕಾಗದ ನನ್ನ ವಿರುದ್ಧದ ಸಾಕ್ಷಿಯಾಗಿ ಕಂಡಿತು. ಅನಂತರ ಬೇರೊಬ್ಬ ನರರೋಗ ತಜ್ಞರು ತಾಳ್ಮೆಯಿಂದ ವಿವರಿಸಿದರು: ಆ ಪರೀಕ್ಷೆ ಅಳೆಯುವುದು ಮೈಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ದಪ್ಪ ನರತಂತುಗಳಲ್ಲಿ ಹರಿಯುವ ವಿದ್ಯುತ್ ಸಂಕೇತವನ್ನು; ನೋವು, ಬಿಸಿ, ತಣುಪುಗಳ ಸುದ್ದಿಯನ್ನು ಒಯ್ಯುವ ಸಣ್ಣ ತಂತುಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ತಂತುಗಳಷ್ಟೇ ಕೆಟ್ಟಿದ್ದರೆ ವರದಿ ನಾರ್ಮಲ್ ಬರುವುದೇ ಸಹಜ. ಅವುಗಳನ್ನು ನೋಡಲು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕಣಕಾಲಿನ ಮೇಲ್ಭಾಗದಿಂದ ಸುಮಾರು 3 ಮಿಲಿಮೀಟರ್ ಅಗಲದ ಚರ್ಮದ ತುಣುಕು ತೆಗೆದು, ಹೊರಪದರದಲ್ಲಿರುವ ನರತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕಾಗುತ್ತದೆ. ನನ್ನ ಬಯಾಪ್ಸಿಯಲ್ಲಿ ಅವು ಕಡಿಮೆಯೇ ಇದ್ದವು; ಕಾಯಿಲೆಗೆ ಸ್ಮಾಲ್ ಫೈಬರ್ ನ್ಯೂರೋಪತಿ, ಅಂದರೆ ಸಣ್ಣ ನರತಂತುಗಳ ಕಾಯಿಲೆ, ಎಂಬ ಹೆಸರು ಸಿಕ್ಕಿತು. ಕೆಟ್ಟ ವರದಿ ಕೈಗೆ ಬಂದಾಗ ಸಮಾಧಾನವಾಗುವುದು ವಿಚಿತ್ರವೇ ಸರಿ.

ಆದರೆ ಕಾಯಿಲೆಯ ಹೆಸರು ಬೇರೆ, ಅದರ ಕಾರಣ ಬೇರೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ರೋಗನಿರೋಧಕ ವ್ಯವಸ್ಥೆಯ ತೊಂದರೆಗಳು, ವಿಟಮಿನ್ ಬಿ12 ಕೊರತೆ ಎಲ್ಲವನ್ನೂ ಒಂದೊಂದಾಗಿ ಪರಿಶೀಲಿಸಿದರು. ಮಾಂಸ, ಮೊಟ್ಟೆ ಮುಟ್ಟದ ನಮ್ಮಂಥವರ ಊಟದಲ್ಲಿ ಬಿ12 ಸಿಗುವುದು ಹೆಚ್ಚಾಗಿ ಹಾಲು, ಮೊಸರಿನಿಂದ ಮಾತ್ರ. ಅದರ ಮೇಲೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದು ಇನ್ನೂ ತಗ್ಗಬಹುದು. ನನ್ನಲ್ಲಿ ಎರಡೂ ಇದ್ದವು. ಚುಚ್ಚುಮದ್ದಿನಿಂದ ಬಿ12 ಮಟ್ಟ ಏರಿತು, ಉರಿ ಮಾತ್ರ ಇಳಿಯಲಿಲ್ಲ. (ಹರಳೆಣ್ಣೆ ಹಚ್ಚಿದರೆ ಸರಿಹೋಗುತ್ತದೆ ಎನ್ನುವ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳುವುದನ್ನು ಬಿಟ್ಟಿದ್ದೇನೆ.)

ನರನೋವಿಗೆಂದು ಕೊಟ್ಟ ಪ್ರಿಗ್ಯಾಬಲಿನ್ ಔಷಧ ನಿದ್ದೆ ಕೊಟ್ಟಿತು, ಜೊತೆಗೆ ಬೆಳಗಿನ ಮಂಪರನ್ನೂ ಕಾಲಿನ ಊತವನ್ನೂ ಕೊಟ್ಟಿತು. ಅದನ್ನು ಥಟ್ಟನೆ ನಿಲ್ಲಿಸುವಂತಿಲ್ಲವಾದ್ದರಿಂದ ವೈದ್ಯರೇ ಹಂತಹಂತವಾಗಿ ಇಳಿಸಿ, ಈಗ ನರನೋವಿನ ಇನ್ನೊಂದು ಔಷಧ ಡುಲೊಕ್ಸೆಟಿನ್ ಆರಂಭಿಸಿದ್ದಾರೆ. ಮುಂದಿನ ಭೇಟಿಯಲ್ಲಿ ಔಷಧದ ಪ್ರಮಾಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಬರೆದಿಟ್ಟುಕೊಂಡಿದ್ದೇನೆ: ಉರಿ ಮೇಲೇರುತ್ತಿರುವಾಗ, ಎದ್ದು ನಿಂತರೆ ತಲೆ ಸುತ್ತುವುದೂ ಶುರುವಾಗಿರುವಾಗ, ದಪ್ಪ ನರಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ರಕ್ತದೊತ್ತಡವನ್ನು ಮಲಗಿದಾಗಲೂ ನಿಂತಾಗಲೂ ಅಳೆದು ನೋಡಬೇಕಲ್ಲವೇ?