ಹಳೆಯ ಕುರ್ಚಿಗೆ ಉಪ್ಪು ಕಾಗದ ಮುಟ್ಟಿಸುವ ಮೊದಲು

ಹಳೆಯ ಮರದ ಸಾಮಾನಿಗೆ ಹೊಸದಾಗಿ ಪಾಲಿಶ್ ಮಾಡಲು ಕಲಿಯುವವರು ಬೀರು, ಮಂಚಕ್ಕೆ ಕೈಹಾಕಬೇಡಿ. ಒಂದು ಸ್ಟೂಲ್ ಅಥವಾ ಕೈಯಿಲ್ಲದ ಕುರ್ಚಿ ಸಾಕು. ಬಸವನಗುಡಿಯ ಹಳೆ ಮನೆಯ ಅಟ್ಟದಿಂದ ಇಳಿಸಿದ್ದಾಗಲಿ, ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಾಗಲಿ, ನೋಡಲು ಕಪ್ಪಗಿರುತ್ತದೆ. ಆ ಕಪ್ಪು ಎಷ್ಟೋ ಸಲ ಮರದ್ದಲ್ಲ. ಪಾಲಿಶ್ ಮೇಲೆ ವರ್ಷಗಟ್ಟಲೆ ಕೂತ ಎಣ್ಣೆ, ಹೊಗೆ, ಧೂಳು. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ. ಕೂಡಲೇ ಒಣಬಟ್ಟೆಯಲ್ಲಿ ಒರೆಸಿಬಿಡಿ.

ಆಮೇಲೆ ಹಳೆಯ ಪಾಲಿಶ್ ಯಾವುದೆಂದು ತಿಳಿಯಲು ಸ್ಪಿರಿಟ್ (ಅರಗು ಕರಗಿಸುವ ಆಲ್ಕೊಹಾಲ್) ಪರೀಕ್ಷೆ. ಇದನ್ನು ಮಾಡದೆ ಉಜ್ಜಲು ಕೂರುವುದೇ ಹೊಸಬರ ದೊಡ್ಡ ತಪ್ಪು. ಸೀಟಿನ ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಹತ್ತಿಗೆ ಕಂದು ಹತ್ತಿದರೆ ಅದು ಅರಗಿನ ಪಾಲಿಶ್, ಅಂಗಡಿಯವರು ಫ್ರೆಂಚ್ ಪಾಲಿಶ್ ಅನ್ನುವುದು. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ ಥಿನ್ನರ್‌ಗೆ (ಲ್ಯಾಕರ್ ತೆಳುಮಾಡುವ ದ್ರವ) ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಪಾಲಿಶ್ ಇರಬಹುದು. ಅದಕ್ಕೆ ಪೇಂಟ್ ರಿಮೂವರ್ ಬೇಕು. ಬೀಟೆ ಮರವಾದರೆ ಎಚ್ಚರ, ಸ್ಪಿರಿಟ್ ತಗುಲಿದರೆ ಮರವೇ ಕೆನ್ನೇರಳೆ ಬಣ್ಣ ಬಿಟ್ಟು ಪಕ್ಕದ ತಿಳಿ ಮರಕ್ಕೆ ಹತ್ತುತ್ತದೆ.

ಬಣ್ಣ ಬಳಿದ ಹಳೆ ಸಾಮಾನಾದರೆ ಒಣದಾಗಿ ಉಜ್ಜಲೇಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು.

ಅರಗಿನ ಪಾಲಿಶ್ ಆಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಹೊಸ ಅರಗು ಹಳೆಯದನ್ನು ಕರಗಿಸಿ ಅದರೊಳಗೇ ಬೆರೆಯುತ್ತದೆ, ಪೂರ್ತಿ ಕೀಳಬೇಕಿಲ್ಲ. 320ನೇ ನಂಬರಿನ ಉಪ್ಪು ಕಾಗದದಿಂದ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಹಗುರವಾಗಿ ಮರದ ಎಳೆಯ ಗುಂಟ ಉಜ್ಜಿ, ಧೂಳು ಒರೆಸಿದರೆ ಆಯಿತು. ತೇಗ ಕಾಲದಿಂದ ಪಡೆದ ಜೇನುಬಣ್ಣ ಮೇಲ್ಪದರದಲ್ಲಿರುತ್ತದೆ. ಒಮ್ಮೆ ಉಜ್ಜಿ ತೆಗೆದರೆ ಅದು ಮರಳಿ ಬರಲು ಮತ್ತೆ ವರ್ಷಗಳು ಬೇಕು. ಪಾಲಿಶ್ ಎಲ್ಲೆಡೆ ಎದ್ದುಹೋಗಿದ್ದರೆ ಮಾತ್ರ 120, 180, 220 ಎಂದು ಹೋಗಿ. ನಡುವೆ ಒಂದು ನಂಬರ್ ಹಾರಿಸಿದರೆ ಹಿಂದಿನ ಗೀರು ಉಳಿಯುತ್ತದೆ. ಅಡ್ಡ ಉಜ್ಜಿದ ಗೀರು ಬರಿಮರದಲ್ಲಿ ಕಾಣುವುದೇ ಇಲ್ಲ, ಪಾಲಿಶ್ ಬಿದ್ದಮೇಲೆ ಎದ್ದು ಕೂರುತ್ತದೆ. ಕಾಸ್ಟಿಕ್ ಸೋಡಾ ಹಾಕಿ ತೊಳೆಯುವ ಅಡ್ಡದಾರಿ ಬೇಡ. ತೇಗ ಕಪ್ಪಾಗುತ್ತದೆ, ಒಳಗುಳಿದ ಕ್ಷಾರ ಮುಂದೆ ಪಾಲಿಶನ್ನೇ ಕೆಡಿಸುತ್ತದೆ.

ಮೊಳೆಯ ಸುತ್ತ ಕಪ್ಪು ಕಲೆಯಿದ್ದರೆ ಅದು ಕಬ್ಬಿಣ, ನೀರು, ಮರದ ಒಗರು ಸೇರಿ ಆದದ್ದು. ಉಜ್ಜಿದರೆ ಹೋಗುವುದು ಕಷ್ಟ. 1 ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಬರಿಮರಕ್ಕೆ ಹಚ್ಚಿ, ಕಲೆ ತಿಳಿಯಾದ ಮೇಲೆ ಎರಡು ಮೂರು ಸಲ ನೀರಿನಲ್ಲಿ ಒರೆಸಿ, ಎರಡು ದಿನ ಒಣಗಿಸಿ. ಅದು ವಿಷ, ಕೈಗವಸು ಬೇಕೇ ಬೇಕು. ಅಲ್ಲಾಡುವ ಸಂದುಗಳಿಗೆ ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದ ಮೇಲೆಯೇ ಫೆವಿಕಾಲ್ ಹಾಕಿ, ಹಗ್ಗ ಸುತ್ತಿ ಕೋಲಿನಿಂದ ಬಿಗಿದು ಒಂದು ದಿನ ಬಿಡಿ.

ಪಾಲಿಶ್‌ಗೆ 1 ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಅರಗಿನ ಚಕ್ಕೆ. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಆಗಾಗ ಅಲುಗಿಸಿ, ತೆಳುಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬ ಬೇಡ, ಅರಗು ಕಪ್ಪಾಗುತ್ತದೆ. ಬಾಟಲಿ ಮೇಲೆ ತಾರೀಖು ಬರೆಯಿರಿ. ಆರು ತಿಂಗಳು ದಾಟಿದ ಅರಗು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು. ಅನುಮಾನವಿದ್ದರೆ ಗಾಜಿನ ಮೇಲೆ ಒಂದು ಹನಿ ಹರಡಿ ಮರುದಿನ ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ಚೆಲ್ಲಿಬಿಡಿ.

ಹತ್ತಿಯ ಉಂಡೆಗೆ ಒಗೆದು ಮೆತ್ತಗಾದ ಹಳೆ ಪಂಚೆಯ ತುಂಡು ಸುತ್ತಿ, ಪಾಲಿಶ್ ಕುಡಿಸಿ, ಹಿಂಡಿ. ಉಂಡೆ ಮರಕ್ಕೆ ತಾಗುವಾಗಲೂ ಬಿಡುವಾಗಲೂ ಚಲಿಸುತ್ತಲೇ ಇರಬೇಕು. ನಿಂತರೆ ಅಲ್ಲೇ ಹಿಡಿದುಕೊಂಡು ಕೆಳಗಿನ ಪದರವನ್ನು ಕೀಳುತ್ತದೆ. ಗಂಟೆಗೊಂದರಂತೆ ಮೂರು ಕೈ (ಪದರ), ರಾತ್ರಿ ಬಿಟ್ಟು 400ರಲ್ಲಿ ಹಗುರ ಉಜ್ಜು, ಮತ್ತೆ ಮೂರು ಕೈ.

ನಮ್ಮ ಊರಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕಾಲ ಫೆಬ್ರವರಿ, ಮಾರ್ಚ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಆ ತೇವ ಪದರದೊಳಗೆ ಸಿಕ್ಕಿಕೊಂಡು ಪಾಲಿಶ್ ಬೂದಿ ಬಳಿದಂತೆ ಬಿಳಿಚುತ್ತದೆ. ಹೆದರಬೇಡಿ, ಬಿಸಿಲು ಬಂದ ದಿನ ಸ್ಪಿರಿಟ್ ಸೋಕಿಸಿದ ಉಂಡೆಯನ್ನು ಹಗುರ ಆಡಿಸಿದರೆ ಹೋಗುತ್ತದೆ. ಮಳೆಗಾಲದಲ್ಲೇ ಮಾಡಬೇಕಾದರೆ ಹೊರಗೆ ಮಳೆ ನಿಂತು ಬಿಸಿಲಿರುವ ನಡುಹಗಲಿನಲ್ಲಿ ಮಾಡಿ.

ಕೊನೆಯ ಕೈ ಆದಮೇಲೆ ಒಂದು ವಾರ ಅದರ ಮೇಲೆ ಏನೂ ಇಡಬೇಡಿ. ಆಮೇಲೂ ಬಿಸಿ ಕಾಫಿ ಲೋಟವನ್ನು ನೇರವಾಗಿ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಹಾಗಾಗಿ ಕಾಫಿ, ಊಟ ಇಡುವ ಮೇಜಿಗೆ ಅರಗು ಬಿಟ್ಟು ಪಿಯು ಹಾಕಿ. ತೇಗದಲ್ಲಿ ಸಹಜವಾಗಿ ಎಣ್ಣೆಯಂಶ ಇರುವುದರಿಂದ ಹಚ್ಚುವ ಮುನ್ನ ಬರಿಮರವನ್ನು ಒಮ್ಮೆ ಥಿನ್ನರ್‌ನಲ್ಲಿ ಒರೆಸಿಕೊಳ್ಳಿ.