ಪಾತ್ರೆ ತೊಳೆಯೋರು ಯಾರು ಸರ್?

ಧಾರವಾಡದ ಕೃಷಿ ಕಾಲೇಜಿನಲ್ಲಿ ನಾವು ಮೂರನೇ ವರ್ಷದಲ್ಲಿದ್ದಾಗಿನ ಮಾತು. ನೀರಾವರಿ ಸರ್ ಅವತ್ತು ಹನಿ ನೀರಾವರಿ ಪಾಠ ಮಾಡುತ್ತಿದ್ದರು. 1965ರಲ್ಲಿ ಇಸ್ರೇಲಿನ ಹತ್ಸೆರಿಮ್ ಕಿಬ್ಬುಟ್ಜ್‌ನ ಜನ ಸಿಮ್ಖಾ ಬ್ಲಾಸ್ ಎಂಬ ಇಂಜಿನಿಯರ್ ಜೊತೆ ಸೇರಿ ನೆಟಾಫಿಮ್ ಕಂಪನಿ ಶುರು ಮಾಡಿದರು ಅಂದರು. ಕಿಬ್ಬುಟ್ಜ್ ಅಂದ್ರೆ ಏನು ಅಂತ ಯಾರೋ ಕೇಳಿದರು, ಪೈಪು ಅಲ್ಲೇ ಉಳಿಯಿತು. ಎಲ್ಲರೂ ಕೂಡಿ ಬಾಳುವ, ಕೂಡಿ ದುಡಿಯುವ ಹಳ್ಳಿ ಅದು, ಜಮೀನು ಯಾರೊಬ್ಬರದೂ ಅಲ್ಲ, ಸಂಬಳ ಇಲ್ಲ, ಒಂದೇ ಪಂಕ್ತಿಯಲ್ಲಿ ಎಲ್ಲರ ಊಟ ಅಂತ ಸರ್ ಹೇಳುತ್ತಾ ಹೋದರು.

ನಾನು ಎದ್ದು ಕೇಳಿದೆ, "ಪಾತ್ರೆ ತೊಳೆಯೋರು ಯಾರು ಸರ್?"

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. ನಮ್ಮದು ಹನ್ನೊಂದು ಜನರ ಮನೆ, ಅಷ್ಟೂ ಪಾತ್ರೆ ಅವ್ವ ಒಬ್ಬಳೇ ತೊಳೆಯುತ್ತಿದ್ದಳು, ಅದಕ್ಕೇ ಕೇಳಿದ್ದೆ. "ಹೋಗಿ ನೋಡ್ಕೊಂಡು ಬಾ ತಮ್ಮಾ" ಅಂದರು.

2008ರಲ್ಲಿ ತರಬೇತಿಗೆ ಅಂತ ಇಸ್ರೇಲಿಗೆ ಹೋದೆ. ಜೋರ್ಡನ್ ನದಿಯ ಕಣಿವೆಯ ಒಂದು ಕಿಬ್ಬುಟ್ಜ್‌ನಲ್ಲಿ ಒಂದು ವಾರ ಇದ್ದೆ. ಖರ್ಜೂರದ ತೋಟ, ಬಾಳೆ, ದೊಡ್ಡ ದನದ ಕೊಟ್ಟಿಗೆ. ದೆಗಾನಿಯಾಗೂ ಹೋಗಿ ಬಂದೆ. ಮೊದಲ ಕಿಬ್ಬುಟ್ಜ್ ಅದೇ. ರಷ್ಯಾ ಸಾಮ್ರಾಜ್ಯದ ಕಡೆಯಿಂದ ಬಂದ ಹತ್ತು ಗಂಡಸರು, ಇಬ್ಬರು ಹೆಂಗಸರು 1910ರಲ್ಲಿ ಗಲಿಲೀ ಸರೋವರದ ದಂಡೆಯಲ್ಲಿ ಶುರು ಮಾಡಿದ್ದು. ಆಗ ಅದು ತುರ್ಕರ ಆಳ್ವಿಕೆಯ ನಾಡು. ಜಮೀನಿನ ಯಜಮಾನ ಬೇಡ, ಕೂಲಿಯಾಳೂ ಬೇಡ, ನಮ್ಮ ಕೆಲಸ ನಾವೇ ಮಾಡ್ತೀವಿ ಅನ್ನೋದೇ ಅವರ ಹಟ.

ನನ್ನ ಪ್ರಶ್ನೆಗೆ ಉತ್ತರ ಕೊಟ್ಟವರು ನಾನು ವಾರ ಇದ್ದ ಕಿಬ್ಬುಟ್ಜ್‌ನಲ್ಲೇ ಹುಟ್ಟಿ ಬೆಳೆದ ಒಬ್ಬ ಅಜ್ಜಿ. ಪಾತ್ರೆಗೆ ಪಾಳಿ ಇತ್ತಂತೆ. ಸರದಿ ಬಂದರೆ ಕಾರ್ಯದರ್ಶಿಯಾಗಲಿ, ಡಾಕ್ಟರಾಗಲಿ, ಏಪ್ರನ್ ಕಟ್ಟಲೇಬೇಕು. ಬಟ್ಟೆಯನ್ನೂ ಒಂದೇ ಕಡೆ ಒಗೆಯುತ್ತಿದ್ದರು, ಯಾರದು ಅಂತ ಗೊತ್ತಾಗಲಿ ಅಂತ ಒಳಗೆ ನಂಬರ್ ಹೊಲಿದಿರುತ್ತಿತ್ತು. ಏನೇ ತೀರ್ಮಾನ ಇದ್ದರೂ ಸಭೆಯಲ್ಲಿ ಕೈ ಎತ್ತಿ ಮತ ಹಾಕಬೇಕಿತ್ತು, ಯಾರನ್ನು ಕಾಲೇಜಿಗೆ ಕಳಿಸಬೇಕು ಅನ್ನೋದಕ್ಕೂ.

ಮಕ್ಕಳ ಮನೆಯ ಬಗ್ಗೆ ಹೇಳುವಾಗ ಮಾತ್ರ ಅಜ್ಜಿಯ ದನಿ ಸಣ್ಣದಾಯಿತು. ಎಷ್ಟೋ ಕಿಬ್ಬುಟ್ಜ್‌ಗಳಲ್ಲಿ ಮಕ್ಕಳು ರಾತ್ರಿ ಅಪ್ಪ ಅಮ್ಮನ ಹತ್ತಿರ ಮಲಗುತ್ತಿರಲಿಲ್ಲ, ಮಕ್ಕಳಿಗೇ ಬೇರೆ ಮನೆ. ಸಂಜೆ ಕೆಲವು ಗಂಟೆ ತಂದೆ ತಾಯಿ ಜೊತೆ, ಆಮೇಲೆ ವಾಪಸ್. ಹೆಂಗಸರಿಗೂ ಗಂಡಸರಷ್ಟೇ ಕೆಲಸ, ಅಷ್ಟೇ ಬಿಡುವು ಸಿಗಲಿ ಅನ್ನೋದು ಉದ್ದೇಶ. ಆದರೂ ಕತ್ತಲಲ್ಲಿ ಎದ್ದು ಅಮ್ಮನ ಬಾಗಿಲಿಗೆ ಓಡಿದ್ದು ಅವರಿಗೆ ಇನ್ನೂ ನೆನಪಿದೆ. ತಾಯಿ ಕೈ ಹಿಡಿದು ತಿರುಗಿ ಕರೆದುಕೊಂಡು ಹೋಗಿ ಬಿಟ್ಟಳಂತೆ. 90ರ ದಶಕ ಮುಗಿಯುವಷ್ಟರಲ್ಲಿ ಆ ಪದ್ಧತಿ ನಿಂತಿತು. ನಿಲ್ಲಲೇಬೇಕಿತ್ತು ಅಂತ ನನಗೂ ಅನಿಸುತ್ತದೆ. ನಮ್ಮವ್ವನ ಪಾತ್ರೆ ರಾಶಿ ನೆನೆದಾಗ ಮಾತ್ರ, ಆ ತಾಯಂದಿರು ಏನು ಬಯಸಿದ್ದರು ಅಂತ ಅರ್ಥವಾಗುತ್ತದೆ.

80ರ ದಶಕದಲ್ಲಿ ಬೆಲೆ, ಬಡ್ಡಿ ಎರಡೂ ಜಾಸ್ತಿಯಾಗಿ ಕಿಬ್ಬುಟ್ಜ್‌ಗಳು ಸಾಲದಲ್ಲಿ ಮುಳುಗಿದವು. ಮಕ್ಕಳು ಪಟ್ಟಣ ಸೇರಿದರು. ಒಂದೊಂದಾಗಿ ಕಿಬ್ಬುಟ್ಜ್‌ಗಳು ಕೆಲಸಕ್ಕೆ ತಕ್ಕ ಸಂಬಳ ಕೊಡೋಕೆ ಶುರು ಮಾಡಿದವು. ನಾನು ಹೋಗುವ ಹಿಂದಿನ ವರ್ಷ, 2007ರಲ್ಲಿ, ದೆಗಾನಿಯಾ ಕೂಡ ಬದಲಾಗಿತ್ತು.

ಕೊನೇ ದಿನ ಅಜ್ಜಿ ಊಟದ ಮನೆಗೆ ಕರೆದುಕೊಂಡು ಹೋದರು. ಹದರ್ ಓಖೆಲ್ ಅಂತಾರೆ ಅದಕ್ಕೆ. ಸೌತೆಕಾಯಿ, ಟೊಮೆಟೊ ಹೆಚ್ಚಿ ಹಾಕಿದ ಸಲಾಡ್, ಮೊಸರು, ಬ್ರೆಡ್. ತಟ್ಟೆ ಹಿಡಿದು ಸಾಲಿನ ತುದಿಗೆ ಬಂದರೆ ಅಲ್ಲೊಂದು ಗಲ್ಲಾ. ಅಜ್ಜಿ ಕಾರ್ಡ್ ಉಜ್ಜಿ ನನ್ನ ಊಟದ ದುಡ್ಡನ್ನೂ ಕೊಟ್ಟರು. ಎಪ್ಪತ್ತು ದಾಟಿದ ಅವರು ಅದೇ ಕೋಣೆಯಲ್ಲಿ ಬಾಲ್ಯದಿಂದ ಉಂಡವರು.

ಊರಿಗೆ ಬಂದ ಮೇಲೆ ಸರ್‌ಗೆ ಫೋನ್ ಮಾಡಿದೆ. ಆಗಲೇ ನಿವೃತ್ತರಾಗಿದ್ದರು. ಪಾಳಿಯ ಕಥೆ ಕೇಳಿ ಬಹಳ ಖುಷಿಪಟ್ಟರು.

"ಈಗ ಯಾರು ತೊಳೀತಾರೆ?" ಅಂದರು.

"ಸಂಬಳದವರು ಸರ್."

"ಹೌದಾ" ಅಂತ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, ಅವ್ವ ಹೇಗಿದ್ದಾಳೆ ಅಂತ ಕೇಳಿದರು.