ಜಾನ್ ಕೋಲ್ಮನ್ ಆಡಿದ 98 ಪಂದ್ಯಗಳು

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಹಳೆಯ ಆಟಗಾರರಲ್ಲಿ ಎಸೆಂಡನ್ ಕ್ಲಬ್ಬಿನ ಜಾನ್ ಕೋಲ್ಮನ್ ಅವರಷ್ಟು ನನ್ನನ್ನು ಸೆಳೆದವರು ಬೇರೊಬ್ಬರಿಲ್ಲ. ಅವರ ಹೆಸರು ಬಂದ ಕೂಡಲೇ ಮಾತು ಮೊಣಕಾಲಿನ ಗಾಯದ ಕಡೆಗೆ ಹೊರಳುತ್ತದೆ. ಗಾಯವಾಗದಿದ್ದರೆ ಇನ್ನೆಷ್ಟು ಗೋಲ್ ಹೊಡೆಯುತ್ತಿದ್ದರೋ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಆಡದೇ ಉಳಿದ ಪಂದ್ಯಗಳ ಚಿಂತೆಯಲ್ಲಿ ಆಡಿದ ಪಂದ್ಯಗಳನ್ನೇ ಮರೆಯುವುದು ಅವರಿಗೆ ಮಾಡುವ ಅನ್ಯಾಯ ಎಂದು ನಾನು ಬಲವಾಗಿ ನಂಬಿದ್ದೇನೆ.

1928ರಲ್ಲಿ ವಿಕ್ಟೋರಿಯಾದ ಪೋರ್ಟ್ ಫೇರಿಯಲ್ಲಿ ಹುಟ್ಟಿದ ಕೋಲ್ಮನ್, ಹೇಸ್ಟಿಂಗ್ಸ್ ಎಂಬ ಊರಿನ ತಂಡದಲ್ಲಿ ರಾಶಿರಾಶಿ ಗೋಲ್ ಹೊಡೆದು ಎಸೆಂಡನ್‌ಗೆ ಬಂದರು. 1949ರ ಏಪ್ರಿಲ್‌ನಲ್ಲಿ, ತವರು ಮೈದಾನ ವಿಂಡಿ ಹಿಲ್‌ನಲ್ಲಿ ಹಾಥಾರ್ನ್ ವಿರುದ್ಧ ಆಡಿದ ಚೊಚ್ಚಲ ಲೀಗ್ ಪಂದ್ಯದಲ್ಲೇ 12 ಗೋಲ್ ಹೊಡೆದರು. ಆಗ ಅವರಿಗೆ ಇಪ್ಪತ್ತು ವರ್ಷ. ಅದೇ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಪ್ರಶಸ್ತಿ ನಿರ್ಧರಿಸುವ ಕೊನೆಯ ಪಂದ್ಯದಲ್ಲಿ, ಎಸೆಂಡನ್ ತಂಡವು ಕಾರ್ಲ್ಟನ್ ತಂಡವನ್ನು 73 ಅಂಕಗಳಿಂದ ಸೋಲಿಸಿತು. ಗೆಲುವು ಖಚಿತವಾದ ಮೇಲೆ ಉಳಿದಿದ್ದ ಕುತೂಹಲ ಒಂದೇ, ಕೋಲ್ಮನ್ ಋತುವಿನ ನೂರನೆಯ ಗೋಲ್ ಹೊಡೆಯುತ್ತಾರೆಯೇ ಎಂಬುದು. ಆಟ ಮುಗಿಯುವ ಹೊತ್ತಿಗೆ ಅದನ್ನೂ ಹೊಡೆದರು. ಇಂದು ಅತಿ ಹೆಚ್ಚು ಗೋಲ್ ಹೊಡೆದವರಿಗೆ ಅವರದೇ ಹೆಸರಿನ ಕೋಲ್ಮನ್ ಪದಕ ನೀಡಲಾಗುತ್ತದೆ. ಆದರೆ ಅದಕ್ಕೆ, ಲೀಗ್ ಪಂದ್ಯಗಳ ನಂತರ ಅಗ್ರ ತಂಡಗಳು ಆಡುವ ಫೈನಲ್ಸ್ ಸುತ್ತಿನ ಗೋಲ್‌ಗಳು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಆ ನೂರನೆಯ ಗೋಲ್‌ಗೆ ಅದರಲ್ಲಿ ಜಾಗವಿಲ್ಲ.

ಅವರ ಹೆಗ್ಗಳಿಕೆಯೆಲ್ಲ ಜಿಗಿತದಲ್ಲಿತ್ತು. ಒದ್ದ ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ‘ಮಾರ್ಕ್’. ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ಗೋಲ್‌ಗೆ ಒದೆಯಬಹುದು. ಎದುರಾಳಿಯ ಗೋಲ್‌ಗೆ ತೀರ ಹತ್ತಿರದ ಫುಲ್ ಫಾರ್ವರ್ಡ್ ಸ್ಥಾನದಲ್ಲಿ ಆಡುತ್ತಿದ್ದ ಕೋಲ್ಮನ್, ಗುಂಪುಗೂಡಿದ ಆಟಗಾರರ ಹಿಂದಿನಿಂದ ಓಡಿಬಂದು, ಅವರ ಹೆಗಲುಗಳಿಗಿಂತ ಮೇಲೆ ಹಾರಿ, ಕೈಗಳನ್ನು ನೇರ ಚಾಚಿ ಚೆಂಡನ್ನು ಹಿಡಿಯುತ್ತಿದ್ದರು. ಇಂಥವರನ್ನು ತಡೆಯಲು ಎದುರಾಳಿಗಳು ಜಗ್ಗುವುದು, ತಳ್ಳುವುದು, ಗುದ್ದುವುದು ಎಲ್ಲವನ್ನೂ ಮಾಡಿದರು.

1950ರಲ್ಲಿ ಅವರು 120 ಗೋಲ್ ಹೊಡೆದರು, ಎಸೆಂಡನ್ ಮತ್ತೆ ಪ್ರಶಸ್ತಿ ಗೆದ್ದಿತು. ಮೂರನೆಯದು ಕೈತಪ್ಪಿದ ಬಗೆಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. 1951ರಲ್ಲಿ, ಫೈನಲ್ಸ್‌ಗೆ ಮುನ್ನಿನ ಕೊನೆಯ ಲೀಗ್ ಪಂದ್ಯದಲ್ಲಿ ಕಾರ್ಲ್ಟನ್‌ನ ಹ್ಯಾರಿ ಕ್ಯಾಸ್ಪರ್ ಹೊಡೆದಾಗ ಕೋಲ್ಮನ್ ತಿರುಗಿ ಹೊಡೆದರು. ವಿಚಾರಣಾ ಮಂಡಳಿ ಇಬ್ಬರಿಗೂ ನಾಲ್ಕು ವಾರಗಳ ನಿಷೇಧ ವಿಧಿಸಿತು. ಕೆಣಕಿದವನಿಗೂ ಕೆಣಕಿಸಿಕೊಂಡವನಿಗೂ ಒಂದೇ ತಕ್ಕಡಿ! ಫೈನಲ್ಸ್ ಪೂರ್ತಿ ಕೋಲ್ಮನ್ ಹೊರಗುಳಿದರು, ಎಸೆಂಡನ್ ಗ್ರ್ಯಾಂಡ್ ಫೈನಲ್‌ನಲ್ಲಿ ಜೀಲಾಂಗ್‌ಗೆ 11 ಅಂಕಗಳಿಂದ ಸೋತಿತು. ಒಂದು ಗೋಲ್‌ಗೆ ಆರು ಅಂಕ, ಅಂದರೆ ಎರಡು ಗೋಲ್‌ಗಳಷ್ಟೂ ಅಂತರವಿಲ್ಲ. ನಿಯಮದ ಪ್ರಕಾರ ತಿರುಗಿ ಹೊಡೆದದ್ದೂ ತಪ್ಪೇ, ಅದನ್ನು ಅಲ್ಲಗಳೆಯಲಾಗದು. ಆದರೂ ಆ ತೀರ್ಪು ನನಗೆ ಕಠಿಣವಾಗಿಯೇ ಕಾಣುತ್ತದೆ.

1952ರಲ್ಲಿ 103, ಮರುವರ್ಷ 97 ಗೋಲ್. 1954ರಲ್ಲಿ ಫಿಟ್ಜ್‌ರಾಯ್ ವಿರುದ್ಧ 14 ಗೋಲ್ ಹೊಡೆದರು, ಅದು ಅವರ ಅತ್ಯುತ್ತಮ ಸಾಧನೆ. ಮುಂದಿನ ವಾರವೇ, ನಾರ್ತ್ ಮೆಲ್ಬರ್ನ್ ವಿರುದ್ಧದ ಪಂದ್ಯದಲ್ಲಿ ಮೊಣಕಾಲು ಕಳಚಿತು. ಮರಳಿ ಬರಲು ಪ್ರಯತ್ನಪಟ್ಟರೂ ಲೀಗ್ ಪಂದ್ಯ ಆಡುವಷ್ಟು ಕಾಲು ಸುಧಾರಿಸಲಿಲ್ಲ. ಇಪ್ಪತ್ತೈದನೆಯ ವಯಸ್ಸಿಗೇ ಆಟ ಮುಗಿದಿತ್ತು.

ಆಮೇಲೆ ಅದೇ ಕ್ಲಬ್ಬಿನ ಕೋಚ್ ಆಗಿ 1962 ಮತ್ತು 1965ರಲ್ಲಿ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಬೇರೆಯವರಿಗಾದರೆ ಇಷ್ಟೇ ಸಾಕಿತ್ತು, ಕೋಲ್ಮನ್ ವಿಷಯದಲ್ಲಿ ಇದು ಅಡಿಟಿಪ್ಪಣಿಯಂತಾಗಿರುವುದು ನನಗೆ ಸರಿಕಾಣದು. 1973ರಲ್ಲಿ, 44ನೆಯ ವಯಸ್ಸಿಗೆ ತೀರಿಕೊಂಡರು.

98 ಪಂದ್ಯಗಳಲ್ಲಿ 537 ಗೋಲ್, ಅಂದರೆ ಪಂದ್ಯಕ್ಕೆ ಸರಾಸರಿ ಐದೂವರೆಯ ಆಸುಪಾಸು. ಮುಂದೆ 1360 ಗೋಲ್ ಹೊಡೆದು ದಾಖಲೆ ಬರೆದ ಟೋನಿ ಲಾಕೆಟ್ ಅವರ ಸರಾಸರಿ ಐದನ್ನು ಮುಟ್ಟುವುದಿಲ್ಲ. ಪೀಟರ್ ಹಡ್ಸನ್ ಮಾತ್ರ ಕೋಲ್ಮನ್ ಅವರನ್ನು ತುಸು ಮೀರಿಸಿದ್ದಾರೆ. ಚಳಿಗಾಲದ ಮಳೆಗೆ ಕೆಸರಾಗುತ್ತಿದ್ದ ಮೈದಾನಗಳಲ್ಲಿ, ನೆನೆದು ಭಾರವಾದ ಚರ್ಮದ ಚೆಂಡಿನಲ್ಲಿ ಕೋಲ್ಮನ್ ಆಡಿದ್ದನ್ನು ಪರಿಗಣಿಸಿದರೆ, ಫುಲ್ ಫಾರ್ವರ್ಡ್‌ಗಳಲ್ಲಿ ಮೊದಲ ಸ್ಥಾನವನ್ನು ನಾನು ಅವರಿಗೇ ಕೊಡುತ್ತೇನೆ.